ಗಂಜಿ ಉಂಡ ಮೇಲೆ ರುಜು

ಶೇಖರಣ್ಣನ ಹೋಟೆಲು ಒಂದು ಪೊಲೀಸ್ ಠಾಣೆಯ ಎದುರಿಗಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಪೇಟೆಗಳ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಹೆಸರು ಹೇಳಿ, ಈಗ ಅಲ್ಲಿ ಕೂತವರ ಮರ್ಯಾದೆ ತೆಗೆಯುವ ಆಸೆ ನನಗಿಲ್ಲ. ಆಗ ಕೂತಿದ್ದವರ ಮರ್ಯಾದೆಯ ವಿಚಾರ ಬೇರೆ. ಅದನ್ನು ನ್ಯಾಯಾಲಯವೇ ಅಳೆದು ಕೊಟ್ಟಿದೆ.

ನಾನು ಪ್ರಫುಲ್ಲಾ. ಬಂಟ್ವಾಳದಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಶೇಖರಣ್ಣನನ್ನು ನಾನು ಮೊದಲು ಕಂಡದ್ದು ಹೋಟೆಲಿನಲ್ಲಲ್ಲ, ಸಾಕ್ಷಿಕಟ್ಟೆಯಲ್ಲಿ. ಹನ್ನೊಂದು ವರ್ಷ ಮಸ್ಕತ್ತಿನ ಒಂದು ಕ್ಯಾಂಟೀನಿನಲ್ಲಿ ದುಡಿದು ಊರಿಗೆ ಬಂದು ಹೋಟೆಲು ಹಾಕಿದ ಮನುಷ್ಯ. ದಪ್ಪ ಮೀಸೆ, ಇಸ್ತ್ರಿ ಹಾಕಿದ ಬಿಳಿ ಪಂಚೆ, ಹೆಗಲ ಮೇಲೆ ಬೈರಾಸು. ಠಾಣೆಯವರು ಎಲ್ಲಿ ಏನು ಹಿಡಿದರೂ ಮಹಜರಿಗೆ ಸಾಕ್ಷಿ ಇವನೇ. ಕಾಡಿನ ಅಂಚಿನಲ್ಲಿ ಮರ ಸಿಕ್ಕಿದರೆ ಸಾಕ್ಷಿ ಶೇಖರ. ಹೊಳೆಯಲ್ಲಿ ಮರಳಿನ ದೋಣಿ ಸಿಕ್ಕಿದರೆ ಸಾಕ್ಷಿ ಶೇಖರ. ಒಂದೇ ದಿನ ಒಂದೇ ಗಂಟೆಗೆ ಹದಿನೆಂಟು ಕಿಲೋಮೀಟರ್ ಅಂತರದ ಎರಡು ಜಾಗಗಳಲ್ಲಿ ಅವನು ನಿಂತು ನೋಡಿದ್ದೂ ದಾಖಲೆಯಲ್ಲಿದೆ.

ಇದನ್ನು ಹಿಡಿದು ನಾನು ಎರಡು ಸಲ ಅವನ ಬೆವರಿಳಿಸಿದ್ದೆ. ಒಂದು ಸಲ ಮಹಜರಿನ ಮೂಲೆಯ ಎಣ್ಣೆ ಕಲೆ ತೋರಿಸಿ, "ಕಾಡಿನಲ್ಲಿ ಕೂತು ಬರೆದ ಕಾಗದಕ್ಕೆ ಗೋಳಿಬಜೆಯ ಎಣ್ಣೆ ಹೇಗೆ ಬಂತು?" ಎಂದು ಕೇಳಿದ್ದೆ. ಇಡೀ ನ್ಯಾಯಾಲಯ ನಕ್ಕಿತು. ಶೇಖರಣ್ಣನೂ ನಕ್ಕ, ಆಮೇಲೆ ನಗಬಾರದಿತ್ತು ಎಂದು ನೆನಪಾಗಿ ಮೀಸೆ ಒರೆಸಿಕೊಂಡ. ಅವನು ಕೆಟ್ಟವನಲ್ಲ ಎಂದು ನನಗೆ ಅಂದೇ ಅನಿಸಿತ್ತು. ಆದರೆ ಕೆಟ್ಟವನಲ್ಲದ ಮನುಷ್ಯ ಮಾಡುವ ಕೆಡುಕಿಗೂ ನೋವು ಅಷ್ಟೇ ಇರುತ್ತದೆ. ಆ ಸಿಟ್ಟು ನನ್ನಲ್ಲಿ ಇತ್ತು.

ಅವನು ಯಾಕೆ ರುಜು ಹಾಕುತ್ತಿದ್ದ? ಲಂಚಕ್ಕಲ್ಲ. ಪೇದೆಗಳು ದಿನಾ ಚಾ ಕುಡಿಯುವ ಗಿರಾಕಿಗಳು. ಪರಿಚಯದವರು ತಂದ ಕಾಗದವನ್ನು ಅವರ ಮುಂದೆಯೇ ಓದಿ ನೋಡುವುದೆಂದರೆ ನಿನ್ನ ಮೇಲೆ ನಂಬಿಕೆ ಇಲ್ಲ ಎಂದಂತೆ. ನಮ್ಮ ಕಡೆ ಅದು ದೊಡ್ಡ ಅವಮಾನ. ಬ್ಯಾಂಕಿನ ಫಾರಂ ಆದರೂ ಹಾಗೆ, ಸೊಸೈಟಿಯ ಜಾಮೀನು ಪತ್ರ ಆದರೂ ಹಾಗೆ. "ಎಲ್ಲಿ ಹಾಕಬೇಕು?" ಎಂದು ಮಾತ್ರ ಕೇಳುತ್ತೇವೆ. ಇನ್ನೊಂದು ಕಾರಣ ಅವನೇ ನನಗೆ ಹೇಳಿದ್ದು. ದಸ್ತಗಿರಿ ಪತ್ರದಲ್ಲಿ ಅವನ ಹೆಸರಿನ ಕೆಳಗೆ 'ಸ್ಥಳೀಯ ಗೌರವಾನ್ವಿತ ವ್ಯಕ್ತಿ' ಎಂದು ಅಚ್ಚಾಗಿರುತ್ತಿತ್ತು. ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ಪಾತ್ರೆಗಳ ನಡುವೆ ಕಳೆದವನಿಗೆ ಆ ಮೂರು ಶಬ್ದಗಳು ಬಹಳ ಹಿತವಾಗಿದ್ದವು.

ಆ ಶಬ್ದಗಳು ಎಲ್ಲಿಂದ ಬಂದವು ಎಂದು ಇಲ್ಲಿ ಹೇಳಬೇಕು. ನಮ್ಮ ದೇಶದ ಕಾನೂನು ಪೊಲೀಸರ ಪೆಟ್ಟನ್ನು ಮೊದಲಿನಿಂದಲೂ ಬಲ್ಲದು. ಠಾಣೆಯಲ್ಲಿ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿಯಾಗುವುದಿಲ್ಲ ಎಂದು 1872ರಲ್ಲೇ ಬರೆದಿಟ್ಟದ್ದು ಬ್ರಿಟಿಷರು. ತಾವೇ ಸಂಬಳ ಕೊಟ್ಟು ಸಾಕಿದ ಪೊಲೀಸರ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ. ಆಮೇಲೆ 1993ರಲ್ಲಿ ಒಡಿಶಾದ ಒಬ್ಬ ತಾಯಿ ಬರೆದ ಪತ್ರದ ಮೇಲೆ, ಠಾಣೆಯಲ್ಲಿದ್ದ ಮಗ ಸತ್ತದ್ದಕ್ಕೆ ಸರಕಾರವೇ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಎರಡು ವರ್ಷದ ಬಳಿಕ ಇನ್ನೊಂದು ತೀರ್ಪಿನಲ್ಲಿ, ಪೊಲೀಸರು ತಮ್ಮವರ ವಿರುದ್ಧ ಬಾಯಿ ಬಿಡುವುದಿಲ್ಲ, ಆದ್ದರಿಂದ ಕಣ್ಣಾರೆ ಕಂಡ ಸಾಕ್ಷಿಯೇ ಬೇಕೆಂದು ಕೆಳಗಿನ ನ್ಯಾಯಾಲಯಗಳು ಹಟ ಹಿಡಿಯಬಾರದು ಎಂದಿತು. 1996ರ ಡಿಸೆಂಬರಿನಲ್ಲಿ ನಿಯಮಗಳ ಒಂದು ಪಟ್ಟಿಯನ್ನೇ ಕೊಟ್ಟಿತು. ಹಿಡಿದ ಸಮಯ ಬರೆಯಬೇಕು, ಮೈಮೇಲಿನ ಗಾಯ ಬರೆಯಬೇಕು, ಆ ಪತ್ರಕ್ಕೆ ಹಿಡಿಸಿಕೊಂಡವನ ಮನೆಯವರು ಅಥವಾ ಸ್ಥಳೀಯ ಗೌರವಾನ್ವಿತ ವ್ಯಕ್ತಿಯೊಬ್ಬರು ಸಾಕ್ಷಿ ಹಾಕಬೇಕು. ಹಿಡಿಸಿಕೊಂಡವನನ್ನು ಕಾಯಲಿಕ್ಕೆ ದೆಹಲಿಯಲ್ಲಿ ಕೂತವರು ಹುಡುಕಿದ ಮನುಷ್ಯ ಅವನು. ನಮ್ಮ ಠಾಣೆಯವರು ರಸ್ತೆ ದಾಟಿ, ಗೋಳಿಬಜೆ ಕರಿಯುತ್ತಿದ್ದ ಶೇಖರಣ್ಣನನ್ನು ಆ ಜಾಗಕ್ಕೆ ತಂದು ನಿಲ್ಲಿಸಿದರು.

2018ರ ನವೆಂಬರಿನಲ್ಲಿ ಡೊಂಬಯ್ಯ ನನ್ನ ಕಚೇರಿಗೆ ಬಂದ. ನೆರಿಯ ಗ್ರಾಮದವನು, ರಬ್ಬರ್ ಟ್ಯಾಪಿಂಗ್ ಕೆಲಸ. ಬೇರೆಯವರ ತೋಟವೊಂದರಲ್ಲಿ ಹೊಗೆಗೂಡಿನಿಂದ ಒಣಗಿದ ರಬ್ಬರ್ ಶೀಟುಗಳು ಕಾಣೆಯಾದವು, ಧಣಿಗೆ ಇವನ ಮೇಲೆ ಸಂಶಯ ಬಂತು. ಒಂಬತ್ತು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದಿದ್ದ. ಬಲಗೈಗೆ ಬ್ಯಾಂಡೇಜು. ತೋರುಬೆರಳು, ನಡುಬೆರಳು ಎರಡೂ ಮುರಿದಿದ್ದವು.

"ಬೆಳಿಗ್ಗೆ ಎಂಟಕ್ಕೆ ತೋಟದಿಂದಲೇ ಕರ್ಕೊಂಡು ಹೋದ್ರು," ಎಂದ. "ಒಪ್ಪಿಕೋ ಅಂತ ಹೇಳಿದ್ರು. ಕೈಯನ್ನು ಬೆಂಚಿನ ಮೇಲೆ ಇಡ್ಲಿಕ್ಕೆ ಹೇಳಿದ್ರು. ಪೇದೆ ಹಿಡಿದ, ಎಸ್ಐ ಹೊಡೆದ್ರು. ಲಾಠಿಯಲ್ಲಿ, ಗೆಣ್ಣಿನ ಮೇಲೆ. ಆ ಬೆರಳು ಇಲ್ಲದಿದ್ರೆ ಟ್ಯಾಪಿಂಗ್ ಕತ್ತಿ ಹಿಡೀಲಿಕ್ಕೆ ಆಗುದಿಲ್ಲ ಮೇಡಂ. ತೊಗಟೆ ತೆಗೆಯುವಾಗ ಅದರ ಮೇಲೆಯೇ ಎಲ್ಲ ಇರುದು."

ಪೊಲೀಸರ ಕಾಗದ ಬೇರೆಯೇ ಹೇಳುತ್ತಿತ್ತು. ದೂರು ದಾಖಲಾದದ್ದು ಸಂಜೆ ಐದಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ಹಿಡಿದದ್ದು ಆರೂ ಕಾಲಕ್ಕೆ. ಓಡಲು ಹೋಗಿ ಜಲ್ಲಿಯ ಮೇಲೆ ಬಿದ್ದು ಕೈಗೆ ಪೆಟ್ಟು. ವೈದ್ಯರ ಪತ್ರದಲ್ಲಿ, ಗಾಯ ಮೊಂಡು ವಸ್ತುವಿನಿಂದ ಅಥವಾ ಬಿದ್ದು ಆಗಿರಬಹುದು ಎಂದಿತ್ತು. ಎಲ್ಲವೂ ಸಮಯದ ಮೇಲೆ ನಿಂತಿತ್ತು. ಮಧ್ಯಾಹ್ನ ಡೊಂಬಯ್ಯ ಠಾಣೆಯಲ್ಲಿದ್ದ ಎಂದಾದರೆ ಜಲ್ಲಿಯ ಕಥೆ ಮುಗಿಯಿತು. ಇಲ್ಲದಿದ್ದರೆ ಡೊಂಬಯ್ಯನ ಕಥೆ ಮುಗಿಯಿತು.

"ನಿನ್ನನ್ನು ಠಾಣೆಯಲ್ಲಿ ನೋಡಿದವರು ಪೊಲೀಸರು ಬಿಟ್ಟು ಯಾರಾದರೂ ಇದ್ದಾರಾ?" ಎಂದು ಕೇಳಿದೆ.

"ಒಬ್ರು ಗಂಜಿ ತಂದು ಕೊಟ್ರು. ನನಗೆ ಹಿಡೀಲಿಕ್ಕೆ ಆಗ್ಲಿಲ್ಲ. ಅವರೇ ಬಾಯಿಗೆ ಕೊಟ್ರು. ಎದುರಿನ ಹೋಟೆಲಿನ ಶೇಖರಣ್ಣ."

ದಸ್ತಗಿರಿ ಪತ್ರ ತೆಗೆದು ನೋಡಿದೆ. ಸಾಕ್ಷಿಯ ಜಾಗದಲ್ಲಿ ಅದೇ ಉದ್ದ ಬಾಲದ ರುಜು. ಪಕ್ಕದಲ್ಲಿ ಎಣ್ಣೆಯ ಕಲೆ. ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಮಧ್ಯಾಹ್ನ ಕೈಯಾರೆ ಉಣಿಸಿದ ಮನುಷ್ಯ ಸಂಜೆ ಅದೇ ಕೈಯಲ್ಲಿ ಇದಕ್ಕೆ ರುಜು ಹಾಕಿದ್ದ.

ಮರುದಿನವೇ ಹೋದೆ. ಹೋಟೆಲಿನಲ್ಲಿ ಗಂಜಿಯ ಹೊತ್ತು. ಶೇಖರಣ್ಣನಲ್ಲಿ ಗಂಜಿಗೆ ಸ್ಟೀಲಿನ ಚಮಚ ಕೊಡುವ ಕ್ರಮ ಇಲ್ಲ. ಹಲಸಿನ ಎಲೆಯನ್ನು ದೊನ್ನೆಯಂತೆ ಮಡಚಿ ಹಿಡಿಸೂಡಿಯ, ಅಂದರೆ ತೆಂಗಿನ ಪೊರಕೆಯ, ಕಡ್ಡಿ ಚುಚ್ಚಿ ಕೊಡುತ್ತಾನೆ. ಹಳೆಯವರು ಹಾಗೆಯೇ ಉಣ್ಣುತ್ತಿದ್ದದ್ದು, ಬಾಯಿ ಸುಡುವುದಿಲ್ಲ ಎನ್ನುತ್ತಾನೆ. ಆ ಎಲೆಯನ್ನು ಹಿಡಿಯಲು ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಸರಿ ಇರಬೇಕು. ನಾನು ಅದನ್ನು ಅಂದು ಮೊದಲ ಸಲ ಗಮನಿಸಿದೆ.

ಡೊಂಬಯ್ಯನ ಹೆಸರು ಹೇಳಿದ ಕೂಡಲೇ ಅವನ ಮುಖ ಇಳಿಯಿತು.

"ನಾನು ರುಜು ಹಾಕಿ ಆಯ್ತಲ್ಲ ಮೇಡಂ. ಇನ್ನು ಎಂತ ಮಾಡ್ಲಿಕ್ಕುಂಟು?"

"ನಿಜ ಹೇಳ್ಲಿಕ್ಕುಂಟು."

"ನೀವೇ ನನ್ನನ್ನು ಎರಡು ಸಲ ಕಟ್ಟೆಯಲ್ಲಿ ನಿಲ್ಲಿಸಿ ಸುಲಿದಿದ್ದೀರಿ. ಈಗ ನಿಮ್ಮ ಪರವಾಗಿ ಬಂದ್ರೆ ಅವರ ವಕೀಲ ಸುಲೀತಾನೆ. ನನ್ನ ಚರ್ಮ ಎಷ್ಟು ಸಲ ಬರ್ತದೆ ಮಾರಾಯ್ರೆ?"

ಅವನ ಮಾತು ಸುಳ್ಳಲ್ಲ. ನಾನೂ ಮುಚ್ಚಿಡಲಿಲ್ಲ. ಉಳಿದ ಎಲ್ಲ ರುಜುಗಳನ್ನೂ ಕೆದಕುತ್ತಾರೆ, ಸುಳ್ಳು ದೃಢೀಕರಣಕ್ಕೆ ನಿಮ್ಮ ಮೇಲೆಯೇ ಕೇಸು ಆಗಬಹುದು, ಎದುರಿನ ಠಾಣೆ ಎದುರಿನಲ್ಲೇ ಇರುತ್ತದೆ ಎಂದೆ. ಅವನು ಬೈರಾಸಿನಿಂದ ಒರೆಸಿದ ಮೇಜನ್ನೇ ಮತ್ತೆ ಒರೆಸಿದ.

ಒಳಗಿನಿಂದ ಅವನ ಹೆಂಡತಿ ಅಮ್ಮಣಿ ಬಂದಳು. ಕೈಯಲ್ಲಿ ಚಟ್ನಿಯ ಪಾತ್ರೆ. ಅಷ್ಟು ಹೊತ್ತೂ ಅವಳು ಕೇಳುತ್ತಿದ್ದಳು ಎಂದು ಗೊತ್ತಾಯಿತು.

"ಆ ದಿನದಿಂದ ಇವರು ಗಂಜಿ ಮುಟ್ಟುದಿಲ್ಲ," ಎಂದಳು ನನ್ನ ಕಡೆ ನೋಡಿ. "ದಿನಾ ಇನ್ನೂರು ಮಂದಿಗೆ ಬಡಿಸ್ತಾರೆ, ತಾನು ಮಾತ್ರ ದೋಸೆ ತಿಂತಾರೆ. ಕೇಳಿದ್ರೆ ಹೊಟ್ಟೆ ಸರಿ ಇಲ್ಲ ಅಂತಾರೆ. ನೀವು ಸಮನ್ಸ್ ಕಳ್ಸಿ. ಇವರು ಬರ್ತಾರೆ."

ಶೇಖರಣ್ಣ ಹೆಂಡತಿಗೆ ತುಳುವಿನಲ್ಲಿ ಏನೋ ಗದರಿದ. ಅವಳು ಚಟ್ನಿ ಬಡಿಸಲು ಹೋದಳು.

ಡೊಂಬಯ್ಯನ ಪರವಾಗಿ ಎಸ್ಐ ಮತ್ತು ಪೇದೆಯ ಮೇಲೆ ಖಾಸಗಿ ದೂರು ಹಾಕಿದೆ. ತಪ್ಪೊಪ್ಪಿಸಲಿಕ್ಕಾಗಿ ಹೊಡೆದು ಗಾಯಗೊಳಿಸಿದ ಅಪರಾಧ. ಅದು ನಾಲ್ಕು ವರ್ಷ ತೆವಳಿತು. ಆ ನಡುವೆ ಡೊಂಬಯ್ಯನ ಮೇಲಿನ ಕಳ್ಳತನದ ಕೇಸು ಸಾಕ್ಷಿ ಇಲ್ಲದೆ ಬಿದ್ದುಹೋಯಿತು. ಬೆರಳುಗಳು ಕೂಡಿಕೊಂಡವು, ಆದರೆ ಸೊಟ್ಟಗೆ. ಅವನು ಕತ್ತಿ ಬಿಟ್ಟು ರಬ್ಬರ್ ಹಾಲಿನ ಬಕೆಟು ಹೊರುವ ಕೆಲಸಕ್ಕೆ ಇಳಿದ.

ಎದುರಿನವರ ದೊಡ್ಡ ಆಯುಧ, ಸರಕಾರದ ಪೂರ್ವಾನುಮತಿ ಇಲ್ಲ ಎಂಬುದು. ಕರ್ತವ್ಯದಲ್ಲಿದ್ದ ಅಧಿಕಾರಿಯ ಮೇಲೆ ಕೇಸು ನಡೆಸಲು ಅನುಮತಿ ಬೇಕು. 2020ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಅಧಿಕಾರ ಮೀರಿ ನಡೆದಿದ್ದರೂ ಆ ಕೃತ್ಯಕ್ಕೂ ಕರ್ತವ್ಯಕ್ಕೂ ನಿಜವಾದ ಸಂಬಂಧ ಇದ್ದರೆ ಅನುಮತಿ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಆ ತೀರ್ಪು ಓದಿದ ದಿನ ನಾನು ಊಟ ಮಾಡಲಿಲ್ಲ. ಅದೇ ವರ್ಷದ ಕೊನೆಗೆ, ಪ್ರತಿ ಠಾಣೆಯಲ್ಲೂ ಕ್ಯಾಮರಾ ಇರಬೇಕು ಎಂಬ ಆದೇಶವೂ ಬಂತು. ನಮ್ಮದು ಅದಕ್ಕೂ ಎರಡು ವರ್ಷ ಹಿಂದಿನ ಘಟನೆ. ಮೇಲಿನ ನ್ಯಾಯಾಲಯ ಹೀಗೆಯೇ, ಒಂದು ಕೈಯಲ್ಲಿ ಕೊಡುತ್ತದೆ, ಇನ್ನೊಂದು ಕೈಯಲ್ಲಿ ತಡೆಯುತ್ತದೆ. ಅನುಮತಿಯ ಪ್ರಶ್ನೆಯನ್ನು ಸಾಕ್ಷ್ಯ ಮುಗಿದ ಮೇಲೆ ನೋಡುವ ಎಂದರು ನಮ್ಮ ಮ್ಯಾಜಿಸ್ಟ್ರೇಟರು. ಅಲ್ಲಿಗೆ ಎಲ್ಲ ಬಂದು ಶೇಖರಣ್ಣನ ಮೇಲೆ ಕೂತಿತು.

ಸಮನ್ಸು ತಂದುಕೊಟ್ಟದ್ದು ಎದುರಿನ ಠಾಣೆಯ ಪೇದೆಯೇ. ನಮ್ಮಲ್ಲಿ ಅದು ಹಾಗೆಯೇ ನಡೆಯುತ್ತದೆ. ಅಂದು ಶೇಖರಣ್ಣ ಕನ್ನಡಕ ಹಾಕಿಕೊಂಡು ಕಾಗದವನ್ನು ಮೂರು ಸಲ ಓದಿದನಂತೆ, ಪೇದೆಯ ಚಾ ತಣ್ಣಗಾಗುವವರೆಗೆ. ಆಮೇಲೆ ರುಜು ಹಾಕಿದ. ಅಮ್ಮಣಿ ಇದನ್ನು ನನಗೆ ಫೋನಿನಲ್ಲಿ ಹೇಳಿದಳು.

2022ರ ಆಗಸ್ಟಿನಲ್ಲಿ ಅವನ ಸಾಕ್ಷಿ. ನನ್ನ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸಿದ. ಮಧ್ಯಾಹ್ನ ಠಾಣೆಯಿಂದ ಒಂದು ಗಂಜಿಗೆ ಹೇಳಿಕಳುಹಿಸಿದ್ದರು. ಹೋಟೆಲಿನವರೆಲ್ಲ ಬಡಿಸುತ್ತಿದ್ದುದರಿಂದ ನಾನೇ ಕೊಂಡುಹೋದೆ. ಡೊಂಬಯ್ಯ ಒಳಕೋಣೆಯ ಗೋಡೆಗೆ ಒರಗಿ ಕೂತಿದ್ದ. ಎಲೆ ಕೊಟ್ಟೆ, ಕೈಯಿಂದ ಜಾರಿತು. ಬೆರಳು ಬಾತು ಕಪ್ಪಗಾಗಿದ್ದವು.

"ಆಮೇಲೆ?"

"ನಾನು ಕೂತು ಉಣಿಸಿದೆ. ಉಪ್ಪಿನಕಾಯಿ ಬೇಡ, ಬಾಯಿ ಒಡೆದದ್ದು ಉಂಟು ಅಂತ ಹೇಳಿದ. ಅಷ್ಟೇ ಅವನು ಮಾತಾಡಿದ್ದು."

ಎದುರಿನ ವಕೀಲರು ಮಂಗಳೂರಿನ ಹಿರಿಯರು. ಏಳುವಾಗಲೇ ಮುಗುಳ್ನಗುತ್ತಿದ್ದರು. ಅವರ ಮೇಜಿನ ಮೇಲೆ ಶೇಖರಣ್ಣನ ರುಜು ಇದ್ದ ಕಾಗದಗಳ ಒಂದು ಕಟ್ಟೇ ಇತ್ತು.

"ಈ ರುಜು ನಿಮ್ಮದೇ?"

"ನನ್ನದೇ."

"ಇದರಲ್ಲಿ ಸಂಜೆ ಆರೂ ಕಾಲಕ್ಕೆ ಬಸ್ ಸ್ಟ್ಯಾಂಡಿನಲ್ಲಿ ದಸ್ತಗಿರಿ ಎಂದು ಬರೆದಿದೆ."

"ಬರೆದದ್ದು ಉಂಟು."

"ಹಾಗಾದರೆ ನೀವು ಅಂದು ಸುಳ್ಳಿಗೆ ರುಜು ಹಾಕಿದ್ದೀರಿ, ಇಲ್ಲವೇ ಇಂದು ಸುಳ್ಳು ಹೇಳುತ್ತಿದ್ದೀರಿ. ಯಾವುದು?"

"ಅಂದು."

"ಓದದೆ ಹಾಕಿದಿರೋ?"

ಇಲ್ಲಿ ಅವನಿಗೆ ತಪ್ಪಿಸಿಕೊಳ್ಳಲು ದಾರಿ ಇತ್ತು. ಹೌದು, ಓದಲಿಲ್ಲ, ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ನಾನೂ ಅದನ್ನೇ ನಿರೀಕ್ಷಿಸಿದ್ದೆ. ಶೇಖರಣ್ಣ ಡೊಂಬಯ್ಯ ಕೂತ ಬೆಂಚಿನ ಕಡೆ ಒಮ್ಮೆ ನೋಡಿದ.

"ಓದಲಿಲ್ಲ. ಆದರೆ ಕಾಗದ ತಂದವ, ಡೊಂಬಯ್ಯನದ್ದು ಅಂತ ಹೇಳಿದ್ದ. ಹೆಸರು ನನಗೆ ಕೇಳಿತ್ತು. ಆದರೂ ಹಾಕಿದೆ."

ಹಿರಿಯ ವಕೀಲರು ಕಟ್ಟನ್ನು ಎತ್ತಿ ಹಿಡಿದರು.

"ಇಂಥವು ಇನ್ನೆಷ್ಟು?"

"ಲೆಕ್ಕ ಇಟ್ಟಿಲ್ಲ. ನೂರರ ಮೇಲೆ ಇರಬಹುದು."

"ನೂರು ಸುಳ್ಳಿಗೆ ರುಜು ಹಾಕಿದ ನಿಮ್ಮನ್ನು ಸ್ಥಳೀಯ ಗೌರವಾನ್ವಿತ ವ್ಯಕ್ತಿ ಎಂದು ಈ ನ್ಯಾಯಾಲಯ ಹೇಗೆ ಕರೆಯಬೇಕು?"

"ಕರೆಯುವುದು ಬೇಡ ಸ್ವಾಮಿ. ಅದು ಠಾಣೆಯವರು ಅಚ್ಚು ಹಾಕಿಸಿದ್ದು. ನಾನು ಗಂಜಿ ಕೊಟ್ಟವ. ಅಷ್ಟನ್ನು ಬರೆದುಕೊಂಡರೆ ಸಾಕು."

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ತಾವೇ ಒಂದು ಪ್ರಶ್ನೆ ಕೇಳಿದರು. ಮಧ್ಯಾಹ್ನವೇ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?

"ನಮ್ಮಲ್ಲಿ ಗಂಜಿ ಹನ್ನೆರಡೂವರೆಯಿಂದ ಎರಡರ ತನಕ ಮಾತ್ರ. ಮತ್ತೆ ಪಾತ್ರೆ ತೊಳೆದು ಕವುಚಿ ಹಾಕ್ತೇವೆ. ಸಂಜೆ ಆರಕ್ಕೆ ದೇವೇಂದ್ರ ಬಂದು ಕೇಳಿದರೂ ಸಿಗುವುದಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಈ ಸಲ ಶೇಖರಣ್ಣ ನಗಲಿಲ್ಲ.

ತೀರ್ಪು ಬಂದದ್ದು ಮರುವರ್ಷ. ಈ ಸಾಕ್ಷಿ ತನಗೇ ಹಾನಿಯಾಗುವ ಸತ್ಯವನ್ನು ಹೇಳಿದ್ದಾನೆ, ಅವನನ್ನು ನಂಬಲು ಅದೇ ಕಾರಣ ಎಂದು ಮ್ಯಾಜಿಸ್ಟ್ರೇಟರು ಬರೆದರು. ಅನುಮತಿಯ ಪ್ರಶ್ನೆಗೆ ಪೊಲೀಸರ ಕಾಗದವೇ ಉತ್ತರವಾಯಿತು. ನಿಮ್ಮ ದಾಖಲೆಯ ಪ್ರಕಾರ ಮಧ್ಯಾಹ್ನ ದೂರು ಇರಲಿಲ್ಲ, ದಸ್ತಗಿರಿ ಇರಲಿಲ್ಲ, ಈ ಮನುಷ್ಯ ಠಾಣೆಯಲ್ಲೇ ಇರಲಿಲ್ಲ. ಹಾಗಿದ್ದ ಮೇಲೆ ಆ ಹೊತ್ತಿನ ಲಾಠಿ ಯಾವ ಕರ್ತವ್ಯದ್ದು ಎಂದು ತೀರ್ಪು ಕೇಳಿತು. ಎಸ್ಐಗೆ ಎರಡು ವರ್ಷ ಶಿಕ್ಷೆ. ಪೇದೆಗೆ ಸಂಶಯದ ಲಾಭ. ಮೇಲ್ಮನವಿಯಲ್ಲಿ ಶಿಕ್ಷೆಗೆ ತಡೆ ಸಿಕ್ಕಿತು, ಅದು ಇನ್ನೂ ನಡೆಯುತ್ತಿದೆ. ಶೇಖರಣ್ಣನ ಮೇಲೆ ಕ್ರಮ ಆಗಬೇಕೆಂದು ಎದುರಿನವರು ಹಾಕಿದ ಅರ್ಜಿಯೂ ಬಾಕಿ ಇದೆ. ಇದು ಜಯವೇ ಎಂದು ಡೊಂಬಯ್ಯ ಕೇಳಿದ. ಹೌದು ಎಂದೆ. ಅವನು ತನ್ನ ಬೆರಳು ನೋಡಿಕೊಂಡ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಠಾಣೆಯ ಚಾ ಶೇಖರಣ್ಣನಲ್ಲಿಂದ ಹೋಗುವುದು ನಿಂತಿತು. ಹೋಟೆಲಿನ ಮುಂದೆ ನಿಲ್ಲಿಸಿದ ಬೈಕುಗಳಿಗೆ ದಿನಾ ದಂಡ ಬೀಳತೊಡಗಿತು. ಅವನು ಗೊಣಗಿದ, ಬೈದ, ಒಂದೆರಡು ಸಲ ನನಗೂ ಬೈದ. ಆದರೆ ತೀರ್ಪಿನ ಮರುದಿನದಿಂದ ಗಂಜಿ ಉಣ್ಣಲು ಶುರುಮಾಡಿದ ಎಂದು ಅಮ್ಮಣಿ ಹೇಳಿದಳು. ಇನ್ನೊಂದು ಸಂಗತಿಯೂ ಆಯಿತು. ಪೇಟೆಯ ಉಳಿದ ಗೌರವಾನ್ವಿತರು ಶೇಖರಣ್ಣನ ಪಾಟೀಸವಾಲಿನ ಕಥೆ ಕೇಳಿ ಹೆದರಿ, ಠಾಣೆಯ ಕಾಗದ ಕಂಡರೆ ಅಂಗಡಿಯ ಹಿಂಬಾಗಿಲಿನಿಂದ ಹೋಗತೊಡಗಿದರು. ಸಾಕ್ಷಿಗೆ ಜನವೇ ಸಿಗಲಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಬೆಳ್ತಂಗಡಿಯಿಂದ ಬರುವಾಗ ಹೋಟೆಲಿಗೆ ಇಳಿದೆ. ಡೊಂಬಯ್ಯನೂ ಇದ್ದ. ರಬ್ಬರ್ ಹಾಲು ಇಳಿಸಿ ಹೋಗುವಾಗ ಅಲ್ಲಿ ಉಣ್ಣುವುದು ಅವನ ಅಭ್ಯಾಸ. ಎಲೆಯನ್ನು ಎಡಗೈಯಲ್ಲಿ ಹಿಡಿದು ನಿಧಾನವಾಗಿ ಉಣ್ಣುತ್ತಾನೆ. ಮಡಿಕೆ ಬಿಚ್ಚದಿರಲಿ ಎಂದು ಅವನ ಎಲೆಗೆ ಮಾತ್ರ ಶೇಖರಣ್ಣ ಎರಡು ಕಡ್ಡಿ ಚುಚ್ಚುತ್ತಾನೆ.

ಆಗ ಹೊಸ ಎಸ್ಐ ರಸ್ತೆ ದಾಟಿ ಬಂದರು. ಪ್ರಾಯದವರು, ಮೂರು ತಿಂಗಳ ಹಿಂದಷ್ಟೇ ಬಂದವರು. ಕೈಯಲ್ಲಿ ದಸ್ತಗಿರಿ ಪತ್ರ. ಹೊಡೆದಾಟದ ಕೇಸಿನಲ್ಲಿ ಒಬ್ಬನನ್ನು ಹಿಡಿದಿದ್ದೇವೆ, ಮನೆಯವರು ಊರಿನಲ್ಲಿಲ್ಲ, ಒಂದು ಸಾಕ್ಷಿ ಬೇಕಿತ್ತು ಎಂದರು. ಹೋಟೆಲಿನಲ್ಲಿ ಕೂತವರೆಲ್ಲ ಬಟ್ಟಲಿನೊಳಗೆ ನೋಡತೊಡಗಿದರು.

ಶೇಖರಣ್ಣ ಕನ್ನಡಕ ಹಾಕಿಕೊಂಡು ಇಡೀ ಕಾಗದ ಓದಿದ.

"ಮೈಮೇಲೆ ಗಾಯ ಇಲ್ಲ ಅಂತ ಬರೆದಿದ್ದೀರಿ. ನಾನು ಜನವನ್ನು ನೋಡದೆ ಹಾಕುದಿಲ್ಲ. ಅವ ಊಟ ಮಾಡಿದ್ದಾನಾ?"

"ಇಲ್ಲ," ಎಂದರು ಎಸ್ಐ, ತುಸು ಸಿಡುಕಿನಿಂದ. "ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸಂಬಂಧ ಉಂಟು. ಒಂದು ಗಂಜಿ ತರ್ತೇನೆ. ಅವ ತನ್ನ ಕೈಯಲ್ಲಿ ಉಣ್ಲಿ, ನಾನು ನೋಡ್ತೇನೆ. ಮತ್ತೆ ಹಾಕುವ."

ಎಸ್ಐ ನನ್ನ ಕರಿ ಕೋಟಿನ ಕಡೆ ನೋಡಿದರು. ನಾನು ಉಪ್ಪಿನಕಾಯಿ ನೆಕ್ಕುತ್ತಿದ್ದೆ. ಅವರಿಗೆ ಬೇರೆ ಸಾಕ್ಷಿ ಸಿಗುವಂತಿರಲಿಲ್ಲ. "ಬನ್ನಿ," ಎಂದರು.

ಶೇಖರಣ್ಣ ಬಟ್ಟಲನ್ನೂ ಒಂದು ಸಣ್ಣ ಪಾತ್ರೆಯನ್ನೂ ತುಂಬಿಸಿ, ಹೊಸ ಎಲೆ ಮಡಚಿ ಕಡ್ಡಿ ಚುಚ್ಚಿ, ರಸ್ತೆ ದಾಟಿ ಹೋದ. ಡೊಂಬಯ್ಯ ತನ್ನ ಎಲೆಯನ್ನು ಬಟ್ಟಲಿನೊಳಗೆ ಬಿಟ್ಟು ಠಾಣೆಯ ಬಾಗಿಲನ್ನೇ ನೋಡುತ್ತಾ ಕೂತ. ಅವನ ಗಂಜಿಯ ಮೇಲೆ ಕೆನೆ ಕಟ್ಟಿತು. ಅಮ್ಮಣಿ ಬಂದು, "ಉಣ್ಣಿ, ತಣಿದು ಹೋಗ್ತದೆ," ಎಂದಳು. ಅವನಿಗೆ ಕೇಳಿಸಲಿಲ್ಲ.

ಇಪ್ಪತ್ತು ನಿಮಿಷ ಆಗಿರಬೇಕು. ಶೇಖರಣ್ಣ ಖಾಲಿ ಪಾತ್ರೆ, ಬಟ್ಟಲು ಹಿಡಿದು ಹೊರಬಂದ. ನನ್ನನ್ನು ದಾಟಿ ನೇರವಾಗಿ ಡೊಂಬಯ್ಯನ ಮೇಜಿನ ಹತ್ತಿರ ಹೋಗಿ, ಬಟ್ಟಲಿನ ತಳ ಕಾಣುವಂತೆ ಓರೆ ಮಾಡಿ ತೋರಿಸಿದ.

"ಉಂಡ," ಎಂದ. "ಅವನೇ ಉಂಡ. ಎರಡನೇ ಸಲ ಕೇಳಿ ಹಾಕಿಸಿಕೊಂಡ."

ಡೊಂಬಯ್ಯ ತಲೆ ಆಡಿಸಿ, ಎಡಗೈಯಿಂದ ತನ್ನ ಎಲೆ ತೆಗೆದುಕೊಂಡ.